ಮಿಲಿಟರಿ ಜೀಪಿಗೆ ನಂಬರು ಮಾಡಿಸಲು ಹೋದದ್ದು

ಬಂಕಾಪುರದ ಪೇಟೆಯಲ್ಲಿ ನನ್ನದೊಂದು ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ. ಸತ್ತೇಹೋಯಿತೆಂದು ರೈತರು ಹೊತ್ತು ತಂದ ಎಂಜಿನ್ನುಗಳನ್ನು ಸಂಜೆಯೊಳಗೆ ಎಬ್ಬಿಸಿ ಕೂರಿಸಿದ ಕೀರ್ತಿ ನನ್ನದು. ಅಂಥವನಿಗೆ ಒಂದು ಹಳೆಯ ಮಿಲಿಟರಿ ಜೀಪನ್ನು ಎಬ್ಬಿಸಿ, ಅದಕ್ಕೊಂದು ನಂಬರು ಮಾಡಿಸಿ, ರಸ್ತೆಗಿಳಿಸುವುದು ಯಾವ ದೊಡ್ಡ ಕೆಲಸ? ಈ ಪ್ರಶ್ನೆಯನ್ನು ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕೇಳಿದ್ದೆ. ಸಾರಿಗೆ ಕಚೇರಿಯವರನ್ನು ಮಾತ್ರ ಕೇಳಿರಲಿಲ್ಲ.

ಜೀಪು ಬೇಕಾದದ್ದು ನನಗಲ್ಲ, ನನ್ನ ಮಾವನಿಗೆ. ಅವರು ಸೈನ್ಯದಲ್ಲಿ ಜೀಪು ಓಡಿಸಿ ನಿವೃತ್ತರಾಗಿ, ಈಗ ಮಾಸೂರಿನಲ್ಲಿ ಮದಗದ ಕೆರೆಯ ನೀರಿನ ಮೇಲೆ ಭತ್ತ ಬೆಳೆಯುತ್ತಾರೆ. ಪ್ರತಿ ಸ್ವಾತಂತ್ರ್ಯೋತ್ಸವಕ್ಕೆ ಹಿರೇಕೆರೂರಿನಲ್ಲಿ ನಿವೃತ್ತ ಸೈನಿಕರ ಮೆರವಣಿಗೆ. ಮಾವ ಎದೆಯ ಮೇಲೆ ಪದಕ ಹಚ್ಚಿಕೊಂಡು ಮುಂದಿನ ಸಾಲಿನಲ್ಲೇ ನಡೆಯುವವರು. ಈ ವರ್ಷ ಮೊಣಕಾಲು ಕೈಕೊಟ್ಟವು. ಮೆರವಣಿಗೆ ಸಮಿತಿಯವರು ಶಾಮಿಯಾನದ ಕೆಳಗೆ ಅವರಿಗೊಂದು ಕುರ್ಚಿ ಗೊತ್ತು ಮಾಡಿದರು.

"ಕುರ್ಚಿ ಮ್ಯಾಲೆ ಕುಂತು ಮೆರವಣಿಗಿ ನೋಡೂದು ಪ್ರೇಕ್ಷಕರ ಕೆಲಸ, ಸೈನಿಕಂದಲ್ಲ," ಎಂದು ಮಾವ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ತಡೆಯಲಾಗಲಿಲ್ಲ.

"ಮಾವ, ನೀವು ಜೀಪಿನ್ಯಾಗ ಕುಂತು ಮೆರವಣಿಗ್ಯಾಗ ಹೋಗ್ತೀರಿ. ಮಿಲಿಟರಿ ಜೀಪು! ಅದು ನನ್ನ ಜವಾಬ್ದಾರಿ!" ಎಂದುಬಿಟ್ಟೆ.

ಮಾವ ಅಲ್ಲೇ ಫೋನು ಹಚ್ಚಿ, ಕುರ್ಚಿ ಬೇರೆಯವರಿಗೆ ಕೊಡಿರೆಂದು ಸಮಿತಿಗೆ ಹೇಳಿದರು. ನನ್ನ ಹೆಂಡತಿ ಗಿರಿಜಾ ನನ್ನನ್ನೇ ದಿಟ್ಟಿಸಿದಳು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಜೀಪು ಸಿಕ್ಕಿದ್ದು ಹಾನಗಲ್ಲಿನ ಒಂದು ಅಕ್ಕಿ ಗಿರಣಿಯ ಹಿತ್ತಲಲ್ಲಿ. ಗಿರಣಿಯವರ ತಂದೆ ಯಾವುದೋ ಕಾಲದಲ್ಲಿ ಸೈನ್ಯದ ಹರಾಜಿನಲ್ಲಿ ಹಿಡಿದಿದ್ದರಂತೆ. ಹರಾಜಿನ ಕಾಗದಪತ್ರ ಸರಿಯಾಗಿದ್ದವು, ನನ್ನ ಹೆಸರಿಗೆ ಕೊಂಡೆ. ಜೀಪಿನಲ್ಲಿ ಕೋಳಿಗಳು ಸಂಸಾರ ಹೂಡಿದ್ದವು. ಅವುಗಳನ್ನು ಒಕ್ಕಲೆಬ್ಬಿಸಿ ಗಾಡಿಯನ್ನು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹೇರಿಕೊಂಡು ಬಂದೆ.

ಬಾನೆಟ್ ತೆಗೆದರೆ ಎಂಜಿನ್ ಕಲ್ಲಾಗಿತ್ತು. ಇಂಥ ಹೊತ್ತಿನಲ್ಲಿ ತಿಳಿದವರು ತಿಳಿದವರನ್ನು ಕೇಳುತ್ತಾರೆ. ನಾನು ಯಾರನ್ನು ಕೇಳಲಿ? ಎಂಜಿನ್ ವಿಷಯದಲ್ಲಿ ಬಂಕಾಪುರದಲ್ಲಿ ತಿಳಿದವನೆಂದರೆ ನಾನೇ! ಹಳೆಯದನ್ನು ಕಿತ್ತು ತಡಸದ ಗುಜರಿಯವನಿಗೆ ಕೊಟ್ಟೆ. ಅಂಗಡಿಯಲ್ಲಿದ್ದ ಒಂದು ಗಟ್ಟಿಮುಟ್ಟಾದ ಡೀಸೆಲ್ ಪಂಪ್‌ಸೆಟ್ ಎಂಜಿನ್ನನ್ನು ಆ ಜಾಗದಲ್ಲಿ ಕೂರಿಸಿದೆ. ನಮ್ಮ ಕಡೆ ಇದೇನು ಹೊಸದಲ್ಲ. ಬಾವಿಯ ನೀರು ಎತ್ತಿದ ಎಂಜಿನ್ನೇ ಹಿಟ್ಟಿನ ಗಿರಣಿಯನ್ನೂ ತಿರುಗಿಸುತ್ತದೆ, ಕಬ್ಬಿನ ಗಾಣವನ್ನೂ ತಿರುಗಿಸುತ್ತದೆ. ಜೀಪಿನ ಚಕ್ರ ತಿರುಗಿಸಲು ಅದಕ್ಕೇನು ಧಾಡಿ? ಹ್ಯಾಂಡಲ್ ಹೊಡೆದೊಡನೆ ಡುಗ್ ಡುಗ್ ಎಂದು ಶುರುವಾಯಿತು. ಓಣಿಯವರು ಹೊಲಕ್ಕೆ ನೀರು ಬಿಟ್ಟರೇನೋ ಎಂದು ಹೊರಗೆ ಬಂದು ನೋಡಿದರು.

ಬಣ್ಣಕ್ಕೆ ಸವಣೂರಿನಿಂದ ಪೇಂಟರ್ ಮಕ್ಬೂಲ್ ಸಾಹೇಬರನ್ನು ಕರೆಸಿದೆ. "ಸಾಹೇಬ್ರ, ಗಾಡಿ ಮ್ಯಾಲೆ ಒಂದು ಗೀರು ಕಾಣಬಾರದು ನೋಡ್ರಿ," ಎಂದು ತಾಕೀತು ಮಾಡಿದೆ. ಅವರು ಅದನ್ನು ಅಕ್ಷರಶಃ ಪಾಲಿಸಿದರು. ಮೇಲಿಂದ ಕೆಳತನಕ ಪುಟ್ಟಿ ಮೆತ್ತಿ, ಉಜ್ಜಿ, ಕನ್ನಡಿಯಂತೆ ಮಾಡಿ, ದಟ್ಟ ಮಿಲಿಟರಿ ಹಸಿರು ಬಳಿದರು. ಹಿಂದುಗಡೆ "ಮಾವನವರ ಆಶೀರ್ವಾದ" ಎಂದು ನಾನೇ ಬರೆಸಿದೆ.

"ನಮ್ಮಪ್ಪ ಇನ್ನೂ ಗಾಡಿ ನೋಡಿಲ್ಲ, ಆಶೀರ್ವಾದ ಯಾವಾಗ ಮಾಡಿದಾ?" ಎಂದಳು ಗಿರಿಜಾ.

"ನೋಡಿದ ಮ್ಯಾಲೆ ಮಾಡ್ತಾರ. ನಾವು ಮುಂಗಡ ಬರಸೇವಿ."

ಹೀಗೆ ಸರ್ವಾಲಂಕಾರಭೂಷಿತವಾದ ಜೀಪನ್ನು ಮತ್ತೆ ಟ್ರೇಲರಿನ ಮೇಲೆ ಹೇರಿ ಸಾರಿಗೆ ಕಚೇರಿಗೆ ಒಯ್ದೆ. ಅಲ್ಲಿನ ಇನ್ಸ್‌ಪೆಕ್ಟರ್ ಒಬ್ಬ ಹೆಣ್ಣುಮಗಳು. ದನಿ ಎತ್ತರಿಸದ, ನಗದ, ಬೈಯದ ಅಧಿಕಾರಿ. ಅಂಥವರೆದುರು ವಾದ ಮಾಡುವುದು ಬಹಳ ಕಷ್ಟ. ಅವರು ಒಂದು ಹಾಳೆ, ಒಂದು ಪೆನ್ಸಿಲ್ ಹಿಡಿದು ಬಂದರು.

"ಚಾಸಿ ನಂಬರ್ ಎಲ್ಲಿ ಐತ್ರಿ? ಅಚ್ಚು ತಗೋಬೇಕು."

ಗಾಡಿಯ ಅಡಿಯ ಕಬ್ಬಿಣದಲ್ಲಿ ಕೊರೆದಿರುವ ನಂಬರಿನ ಮೇಲೆ ಹಾಳೆಯಿಟ್ಟು ಪೆನ್ಸಿಲ್ ತಿಕ್ಕಿದರೆ ಅದರ ಅಚ್ಚು ಮೂಡುತ್ತದೆ. ಅದೇ ಗಾಡಿಯ ಜಾತಕ. ಮೇಡಂ ತಿಕ್ಕಿದರು. ಹಾಳೆ ಕಪ್ಪಾಯಿತು. ಇನ್ನೊಂದು ಕಡೆ ತಿಕ್ಕಿದರು. ಅಲ್ಲಿಯೂ ಕಪ್ಪಾಯಿತು.

"ನಂಬರ್ ಇತ್ತೇನ್ರಿ ಇದಕ್ಕ?"

"ಇತ್ತ್ರಿ ಮೇಡಂ. ಇತ್ತು. ಗೀರು ಅಂತ ತಿಳದು ಪುಟ್ಟಿ ಹಚ್ಚೇವ್ರಿ..."

ಮೇಡಂ ಸಾವಕಾಶವಾಗಿ ಪೆನ್ಸಿಲನ್ನು ಕಿಸೆಗಿಟ್ಟುಕೊಂಡರು. "ಇನ್ನೊಂದು ಮಾತ್ರಿ. ಈ ಬಣ್ಣ ಸೈನ್ಯದವರಿಗೆ ಮಾತ್ರ. ನಮ್ಮ ನಿಮ್ಮ ಗಾಡಿಗೆ ಹಚ್ಚಂಗಿಲ್ಲ. ಬದಲಿ ಮಾಡಿಸ್ಕೊಂಡು ಬರ್ರಿ."

"ಮೇಡಂ, ಬಾನೆಟ್ ಒಳಗೂ ಒಮ್ಮೆ ನೋಡಿಬಿಡ್ರಲಾ, ಮತ್ತ ಓಡಾಡೂದು ತಪ್ಪತೈತಿ."

"ಹೆಸರ ಗೊತ್ತಿಲ್ಲದವರ ಹೊಟ್ಟಿ ಪರೀಕ್ಷಾ ಹ್ಯಾಂಗ ಮಾಡೂದ್ರಿ? ಮೊದಲ ನಂಬರ್ ಹುಡುಕ್ರಿ."

ಪುಟ್ಟಿ ಕೆರೆಯುವಾಗ ಮಕ್ಬೂಲ್ ಸಾಹೇಬರ ಸಂಕಟ ನೋಡಲಾಗಲಿಲ್ಲ. "ಯಾ ಅಲ್ಲಾ, ಇಂಥಾ ನಾಜೂಕ್ ಕೆಲಸ ನನ್ನ ಕೈಲೇ ನಾನೇ ಹಾಳ ಮಾಡ್ಬೇಕೇನ್ರಿ!" ಎನ್ನುತ್ತಲೇ ಕೆರೆದರು. ನಂಬರು ಸಿಕ್ಕಿತು. ಹರಾಜಿನ ಕಾಗದದ ನಂಬರಿಗೆ ತಾಳೆಯೂ ಆಯಿತು. ಇನ್ನು ಬಣ್ಣ. ಸ್ವಾತಂತ್ರ್ಯೋತ್ಸವ ಹತ್ತಿರ ಬರುತ್ತಿತ್ತು, ಆಯ್ಕೆ ಮಾಡುತ್ತ ಕೂರಲು ಪುರಸೊತ್ತಿರಲಿಲ್ಲ. ಸಾಹೇಬರ ಹತ್ತಿರ ಸಾಕಷ್ಟು ಇದ್ದದ್ದು ಒಂದೇ ಬಣ್ಣ. ಯಾವುದೋ ಶಾಲೆಯ ಬಸ್ಸಿಗೆ ಬಳಿದು ಮಿಕ್ಕ ಹಳದಿ.

ಜೀಪು ಹಳದಿಯಾಯಿತು. ಗಿರಿಜಾ ಹೊಸ್ತಿಲಲ್ಲೇ ನಿಂತು ನೋಡಿದಳು.

"ಗಣಪ್ಪನ್ನ ಮಾಡ್ರಿ ಅಂದ್ರ ಅವರಪ್ಪನ್ನ ಮಾಡೀರಲ್ಲಾ! ನಮ್ಮಪ್ಪ ಇದರಾಗ ಮೆರವಣಿಗಿಗೆ ಹೊಂಟಾನೋ, ಸಾಲಿಗೆ ಒಂದನೇತ್ತಾಕ್ಕ ಹೊಂಟಾನೋ?"

"ಬಣ್ಣ ಯಾವುದಾದ್ರೇನ, ಮೊದಲ ನಂಬರ್ ಬರ್ಲಿ!" ಎಂದು ಗದರಿದೆ. ಒಳಗೊಳಗೆ ನನಗೂ ಹಾಗೆಯೇ ಅನ್ನಿಸಿತ್ತು.

ಎರಡನೆಯ ಸಲ ಹೋದಾಗ ಮೇಡಂ ನಂಬರಿನ ಅಚ್ಚು ತೆಗೆದುಕೊಂಡರು. ಬಣ್ಣ ನೋಡಿ ತಲೆಯಾಡಿಸಿದರು. ನಾನು ಗೆದ್ದೆನೆಂದೇ ತಿಳಿದೆ. ಆಗ ಅವರು ಬಾನೆಟ್ ಎತ್ತಿದರು. ಬಹಳ ಹೊತ್ತು ಒಳಗೆ ನೋಡಿದರು. ಎಂಜಿನ್ನಿನ ಮೇಲಿದ್ದ ತಗಡಿನ ಪಟ್ಟಿಯನ್ನು ಗಟ್ಟಿಯಾಗಿ ಓದಿದರು. "ಕೃಷಿ ನೀರಾವರಿ ಬಳಕೆಗಾಗಿ."

"ಭಾಳ ಗಟ್ಟಿ ಎಂಜಿನ್ ಐತ್ರಿ ಮೇಡಂ," ಎಂದೆ. "ಎಷ್ಟು ಆಳದ ನೀರಿದ್ರೂ ಎತ್ತತೈತಿ!"

"ರಸ್ತೆ ಮ್ಯಾಲೆ ನೀರು ಎತ್ತೂದೈತೇನ್ರಿ?"

ಮೇಡಂ ನನ್ನನ್ನು ನೆರಳಿಗೆ ಕರೆದು ಕೂರಿಸಿ, ಚಹಾ ತರಿಸಿ, ಸಮಾಧಾನದಿಂದ ತಿಳಿಸಿ ಹೇಳಿದರು. ವಿಂಟೇಜ್ ಗಾಡಿ ಎಂದು ನೋಂದಾಯಿಸಬೇಕಾದರೆ ಅದು ಮೂಲ ರೂಪದಲ್ಲೇ ಇರಬೇಕು, ಎಂಜಿನ್ ಸಮೇತ. ಮಾಮೂಲಿ ಗಾಡಿ ಎಂದು ಮಾಡಿಸಬೇಕಾದರೆ ಎಂಜಿನ್ ಬದಲಿಸುವ ಮೊದಲೇ ಅಪ್ಪಣೆ ಪಡೆಯಬೇಕು, ಅದೂ ಗಾಡಿಯ ಎಂಜಿನ್ನೇ ಆಗಿರಬೇಕು.

"ಅಂದ್ರ ಬಣ್ಣ ಮೂಲದ್ದು ಇರಬಾರದು, ಎಂಜಿನ್ ಮೂಲದ್ದೇ ಇರಬೇಕು! ಇದ್ಯಾವ ನ್ಯಾಯರಿ?" ಎಂದು ಸಿಡಿದೆ.

"ನಿಮ್ಮ ಸಿಟ್ಟು ನನಗ ತಿಳೀತೈತ್ರಿ. ಮೂಲ ಎಂಜಿನ್ ಎಲ್ಲೈತಿ? ಅದನ್ನ ಕೂಡಿಸ್ಕೊಂಡು ಬರ್ರಿ, ನಾನೇ ಮುಂದ ನಿಂತು ಮಾಡಿಕೊಡ್ತೇನಿ."

ಅಲ್ಲಿಂದ ನೇರ ತಡಸಕ್ಕೆ ಓಡಿದೆ. ಗುಜರಿಯವನು ನನ್ನನ್ನು ಕಂಡು ಖುಷಿಯಾದ. "ಭಾರಿ ಮಾಲ್ ಕೊಟ್ಟಿದ್ರಿ ಅಣ್ಣಾರ! ಒಡದು, ಹೇರಿ, ಕಳಿಸಿ ಆತು. ಕರಗಿ ಕಬ್ಬಿಣನೂ ಆಗಿರಬೇಕ್ರಿ ಈಗ. ಅಂಥಾವು ಇನ್ನೊಂದೆರಡು ಇದ್ರ ಕೊಡ್ರಿ."

ಮನೆಗೆ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತೆ. ಊಟ ಸೇರಲಿಲ್ಲ. ನನ್ನ ಮಾನ ಹೋದರೆ ಹೋಗಲಿ, ಬಂಕಾಪುರದವರಿಗೆ ಅದು ಅಭ್ಯಾಸವಿದೆ. ಆದರೆ ಮಾವನಿಗೆ ಈಗ ಕುರ್ಚಿಯೂ ಇಲ್ಲ, ಜೀಪೂ ಇಲ್ಲ. ನನ್ನ ಬಾಯಿಬಡುಕತನದಿಂದ ಆ ಮನುಷ್ಯ ಮೆರವಣಿಗೆಯ ದಿನ ಮನೆಯಲ್ಲಿ ಕೂರಬೇಕು. ನಿಜವಾಗಿ ಅಳು ಬಂತು. ಗಿರಿಜಾ ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. ಫೋನು ಹಚ್ಚಿ ನನ್ನ ಕೈಯಲ್ಲಿ ಕೊಟ್ಟಳು.

"ನೀವ ಹೇಳ್ರಿ. ನಾ ಹೇಳಂಗಿಲ್ಲ."

ಎಲ್ಲ ಹೇಳಿದೆ. ಪುಟ್ಟಿ, ಹಳದಿ ಬಣ್ಣ, ನೀರಾವರಿ, ಗುಜರಿ, ಒಂದನ್ನೂ ಬಿಡಲಿಲ್ಲ. ಮಾವ ಕೊನೆಯತನಕ ಕೇಳಿದರು.

"ಅಳಿಯಾರ, ಸ್ಟೇರಿಂಗ್ ತಿರುಗತೈತೇನು?"

"ತಿರುಗತೈತ್ರಿ."

"ಬ್ರೇಕ್ ಹಿಡೀತೈತೇನು?"

"ಹಿಡೀತೈತ್ರಿ ಮಾವ. ಅದೊಂದು ಭೇಷ್ ಹಿಡೀತೈತಿ. ಆದ್ರ ಎಂಜಿನ್ ಚಾಲೂ ಮಾಡಿ ರಸ್ತೆಕ್ಕ ಇಳಸಂಗಿಲ್ಲ."

"ಎಂಜಿನ್ ಬಿಚ್ಚಿ ಒಗೀರಿ. ನಮ್ಮನ್ಯಾಗ ಎತ್ತು ಅದಾವು. ಹೂಡೂಣು."

ಮೇಡಂ ಅವರನ್ನು ಕೇಳಿದೆ. ಎಂಜಿನ್ ಇಲ್ಲದೆ ಎತ್ತು ಎಳೆಯುವುದು ಚಕ್ಕಡಿಯ ಲೆಕ್ಕ, ನಮ್ಮ ಇಲಾಖೆಗೆ ಬರುವುದಿಲ್ಲ, ಪೊಲೀಸರಿಗೆ ಒಂದು ಮಾತು ಹೇಳಿರಿ ಎಂದರು. ಆ ದಿನ ಅವರು ನಕ್ಕರು. ನಾನು ಕಂಡದ್ದು ಅದೊಂದೇ ಸಲ. ಪೊಲೀಸರು ಒಪ್ಪಿದರು. ಮೆರವಣಿಗೆ ಸಮಿತಿಯೂ ಒಪ್ಪಿತು, ಒಂದು ಷರತ್ತಿನ ಮೇಲೆ. ಹಿಂದೆ ಶಾಲೆಯ ಮಕ್ಕಳು ಬಿಳಿ ಬೂಟು ಹಾಕಿಕೊಂಡು ಬರುತ್ತಾರೆ, ಎತ್ತುಗಳು ದಾರಿಯಲ್ಲಿ ಏನಾದರೂ ಬಿಟ್ಟರೆ ಅದನ್ನು ಎತ್ತುವ ಹೊಣೆ ಗಾಡಿಯ ಮಾಲೀಕನದು. ಗಾಡಿಯ ಮಾಲೀಕ ಯಾರು? ಕಾಗದಪತ್ರದ ಪ್ರಕಾರ, ನಾನು.

ಸ್ವಾತಂತ್ರ್ಯೋತ್ಸವದ ಬೆಳಿಗ್ಗೆ ಹಿರೇಕೆರೂರಿನಲ್ಲಿ ಮುಂದಿನ ಬಂಪರಿಗೆ ಚಕ್ಕಡಿಯ ಮೂಕಿಮರ ಕಟ್ಟಿ, ನೊಗ ಏರಿಸಿ, ಮಾಸೂರಿನ ಬಿಳಿ ಜೋಡೆತ್ತು ಹೂಡಿದೆವು. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮಾವನ ಪಕ್ಕದ ಸೀಟು ಹತ್ತಲು ಹೋದೆ.

"ಅದು ಸೈನಿಕರ ಜಾಗಾ ಅಳಿಯಾರ," ಎಂದು ಮಾವ ಮೊಣಕಾಲು ನೋವಿನ ಇನ್ನೊಬ್ಬ ಸೈನಿಕರನ್ನು ಹತ್ತಿಸಿಕೊಂಡರು.

ಗಿರಿಜಾ ನನ್ನ ಕೈಗೆ ಬುಟ್ಟಿ ಮತ್ತು ಸಲಿಕೆ ಕೊಟ್ಟಳು.

ಮಾವ ಓಡಿಸಿದ್ದನ್ನು ನೋಡಬೇಕಿತ್ತು! ಪದಕ ಹಚ್ಚಿದ ಎದೆ ಸೆಟೆಸಿ, ತಿರುವಿನಲ್ಲಿ ಕೈ ಹೊರಚಾಚಿ, ಇಳಿಜಾರಿನಲ್ಲಿ ಎತ್ತುಗಳ ಮೇಲೆ ಗಾಡಿ ಹೋಗದಂತೆ ಬ್ರೇಕ್ ಒತ್ತಿ, ಬೇಕಿಲ್ಲದಿದ್ದರೂ ಗೇರು ಬದಲಿಸುತ್ತ ಹೋದರು. ಹಳದಿ ಜೀಪಿಗೆ ಇಬ್ಬದಿಯ ಜನ ಹೂವು ಎರಚಿದರು. ವೇದಿಕೆಯ ಮುಂದೆ ಗಾಡಿ ನಿಲ್ಲಿಸಿ ಮಾವ ಧ್ವಜಕ್ಕೆ ವಂದಿಸಿದಾಗ ನಾನೂ ಬುಟ್ಟಿ ಕೆಳಗಿಟ್ಟು ವಂದಿಸಿದೆ. ಮೈಕು ಹಿಡಿದವರು, ಇಷ್ಟು ಹಳೆಯ ಜೀಪನ್ನು ಸಿದ್ಧಮಾಡಿದವರು ಯಾರೆಂದು ಕೇಳಿದರು.

"ನನ್ನ ಅಳಿಯ!" ಎಂದು ಮಾವ ಮೈಕಿನಲ್ಲೇ ಗುಡುಗಿದರು. "ಹಿಂದ ಬರಾಕತ್ತಾನ ನೋಡ್ರಿ! ಮಗ ಸೈತ ಇಷ್ಟು ಮಾಡಂಗಿಲ್ಲ!"

ಇಡೀ ಹಿರೇಕೆರೂರು ನನ್ನ ಕಡೆ ತಿರುಗಿತು. ಅದೇ ಗಳಿಗೆಗೆ ಎಡಗಡೆಯ ಎತ್ತು ಬಾಲ ಎತ್ತಿತು. ಷರತ್ತು ಷರತ್ತೇ, ಬಿಳಿ ಬೂಟುಗಳು ಹತ್ತಿರದಲ್ಲೇ ಇದ್ದವು. ನಾನು ಓಡಿಹೋಗಿ ಜನರೆದುರು ನಡುಬಗ್ಗಿಸಿ ಸಲಿಕೆ ಹಾಕಿದೆ. ಎಷ್ಟು ವಿನಯ ನೋಡು ಎಂದುಕೊಂಡು ಜನ ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು.