ಗಾಣದ ನಟ್ಟು, ವಿಲಾಯತಿ ಪಾನಾ

“ಇನ್ನು ಮ್ಯಾಲ ನಿಮ್ಮ ಅಪ್ಪನ ಮನ್ಯಾಗ ಯಾವ ನಟ್ಟು ಸಡಿಲ ಆದ್ರೂ, ಅದನ್ನ ಬಿಗಿಯಾಂವ ಒಬ್ಬನೇ ಗಂಡಸು. ಅಂವ ಯಾರು, ಹೇಳು ನೋಡೋಣ?”

ಕಮಲಾಪುರದಿಂದ ಕಲಬುರಗಿಗೆ ಬರುವ ಸರ್ವಿಸ್ ಮೋಟಾರಿನಲ್ಲಿ, ಧೂಳಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕುಳಿತಿದ್ದ ಹೆಂಡತಿಯ ಕಿವಿಯಲ್ಲಿ ದೇವೀಂದ್ರಪ್ಪ ಹೀಗೆ ಘೋಷಣೆ ಮಾಡಿದ.

“ಮಾಪಣ್ಣ ಮಾಮಾ,” ಎಂದಳು ನೀಲಗಂಗಮ್ಮ, ಯೋಚಿಸುವ ಗೋಜಿಗೂ ಹೋಗದೆ.

“ನಾನು!”

“ನೀವಾ? ಮೊನ್ನೆ ಕಂದೀಲಿಗೆ ಬತ್ತಿ ಹಾಕಾಕ ಹೋಗಿ ಕಂದೀಲಾನೇ ಬಿಚ್ಚಿ ಇಟ್ಟಿದ್ರಿ. ಇನ್ನೂ ಅದು ಗ್ವಾಡಿ ಮಾಡದಾಗ ಕುಂತದ.”

ದೇವೀಂದ್ರಪ್ಪ ಮೀಸೆ ತಿರುವಿದ. ದೊಡ್ಡ ಸಂಕಲ್ಪ ಮಾಡಿದವರು ಸಣ್ಣ ಕಂದೀಲಿನ ಮಾತಿಗೆ ಉತ್ತರ ಕೊಡಬಾರದು. ಅವನು ನಿಜಾಮ ಸರ್ಕಾರದ ತಹಶೀಲ ಕಚೇರಿಯಲ್ಲಿ ಅಹಲ್ಕಾರ, ಅಂದರೆ ಗುಮಾಸ್ತ. ಉರ್ದುವಿನಲ್ಲಿ ಅರ್ಜಿ ಬರೆದನೆಂದರೆ ಅಕ್ಷರ ಮುತ್ತಿನಂತೆ ಉದುರುತ್ತಿದ್ದವು. ಆದರೆ ಆ ಕೈ ಮಾಡಿದ ಅತಿ ಕಷ್ಟದ ಕೆಲಸವೆಂದರೆ ಕಲಮು ಕೆತ್ತುವುದು.

ಮಾವನ ಮನೆಯಲ್ಲಿ ಇದೇ ಅವನಿಗೆ ಮುಳುವಾಗಿತ್ತು. ಮಾವ ದೌಲಪ್ಪ ಕಮಲಾಪುರದ ಗಟ್ಟಿ ಒಕ್ಕಲಿಗ. ಕಬ್ಬು, ಬಾಳೆ ಎರಡೂ ಇದ್ದವು. ಕಲಬುರಗಿಯ ಅಳಿಯ ಬಂದನೆಂದರೆ ಜಮಖಾನ ಹಾಸಿ, ಒರಗಲು ಲೋಡು ಇಟ್ಟು, ಕೆಂಪು ಬಾಳೆಹಣ್ಣಿನ ಚಿಪ್ಪು ಮುಂದಿಟ್ಟು, “ಕುಂದ್ರಿರಿ ಅಳಿಯಂದಿರ” ಎನ್ನುತ್ತಿದ್ದ. ಆಮೇಲೆ ಅಂಗಳಕ್ಕೆ ಹೋಗಿ, “ಏ ಮಾಪಣ್ಣಾ, ಬಾ ಇಲ್ಲಿ, ಕೈ ಹಚ್ಚು!” ಎಂದು ಹಿರಿ ಅಳಿಯನನ್ನು ಕೂಗುತ್ತಿದ್ದ. ಹಿರಿ ಅಳಿಯನಿಗೆ ಕೆಲಸ, ಕಿರಿ ಅಳಿಯನಿಗೆ ಹಣ್ಣು! ಊರವರ ಕಣ್ಣಿಗೆ ಇದು ಭಾಗ್ಯ. ದೇವೀಂದ್ರಪ್ಪನಿಗೆ ಮಾತ್ರ ಪ್ರತಿ ಹಣ್ಣೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ‘ಇದನ್ನ ನೀವು ಮಾಡ್ರಿ’ ಎಂದು ಮಾವ ಒಂದು ಸಲ, ಒಂದೇ ಸಲ ಹೇಳಬೇಕು. ಅವನ ಆಸೆ ಅಷ್ಟೇ.

ಆ ಆಸೆಗೆ ಈಗ ದಾರಿ ಸಿಕ್ಕಿತ್ತು. ದೌಲಪ್ಪ ಹಳೆಯ ಮರದ ಗಾಣ ಬಿಟ್ಟು ಕಬ್ಬಿಣದ ಗಾಣ ತರಿಸಿದ್ದ. ಮೂರು ಉರುಳೆ, ಅವುಗಳ ನೆತ್ತಿಯ ಮೇಲೆ ಉದ್ದನೆಯ ಮರದ ತೊಲೆ, ತೊಲೆಯ ತುದಿಗೆ ಎತ್ತು ಹೂಡಿ ಸುತ್ತಿಸಿದರೆ ಕಬ್ಬಿನ ಹಾಲು ಇಳಿಯಬೇಕು. ತೊಲೆ ಜಾರದಂತೆ ಎರಡು ಬೋಲ್ಟು ಹಾಕಿದ್ದರು. ಮುಂದಿನ ಸೋಮವಾರ ಗಾಣ ಹೂಡುವ ಮುಹೂರ್ತ. ಕಚೇರಿಯ ಶುಕ್ರವಾರದ ರಜೆಗೆ ಹೋಗಿದ್ದ ದೇವೀಂದ್ರಪ್ಪ ಗಾಣದ ಸುತ್ತ ಠೀವಿಯಿಂದ ಅಡ್ಡಾಡುವಾಗ ಒಂದು ಬೋಲ್ಟಿನ ನಟ್ಟು ಬೆರಳಿಗೇ ತಿರುಗಿತು. ಯಾರೂ ನೋಡದಾಗ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ.

“ಅಯ್ಯ, ಅದನ್ನ್ಯಾಕ ತಂದ್ರಿ?” ನೀಲಗಂಗಮ್ಮ ಮೋಟಾರಿನಲ್ಲೇ ಗಾಬರಿಯಾದಳು.

“ಅಳತಿಗೆ! ನೀ ಬಳಿ ತರಾಕ ಹೋಗುವಾಗ ಹಳೀ ಬಳಿ ಒಯ್ಯಂಗಿಲ್ಲೇನ? ಇದೂ ಹಂಗ. ಇದರ ಅಳತಿಗೆ ನಟ್ಟು ಬಿಗಿಯೋ ಅಸಲಿ ಪಾನಾ ತರ್ತೀನಿ. ಸೋಮವಾರ ಎಲ್ಲಾರ ಎದುರಿಗೆ ಬಿಗೀತೀನಿ!”

ಬಳೆಯ ಮಾತು ಬಂದ ಮೇಲೆ ನೀಲಗಂಗಮ್ಮನಿಗೂ ಅದು ಸರಿಯೆನ್ನಿಸಿತು. ಅವಳ ತಪ್ಪು ಏನಾದರೂ ಇದ್ದರೆ ಇಷ್ಟೇ.

ಮರುದಿನ ಇಬ್ಬರೂ ಶರಣಬಸಪ್ಪನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು, ಹಾಗೆಯೇ ಬಜಾರಿನ ಬಂದೇನವಾಜನ ಕಬ್ಬಿಣದ ಸಾಮಾನಿನ ಅಂಗಡಿಗೆ ಹೋದರು.

“ಆವೋ ಆವೋ, ಪೇಶ್ಕಾರ್ ಸಾಬ್!” ಎಂದ ಬಂದೇನವಾಜ್, ನಿಂತ ನಿಲುವಿನಲ್ಲೇ ಬಡ್ತಿ ಕೊಟ್ಟು. “ಏನ್ ಬೇಕ್ರಿ?”

“ಪಾನಾ. ಅಂಥಿಂಥಾದ್ದು ಬ್ಯಾಡ. ಅಸಲಿ ಬೇಕು.”

“ದಿನಾ ಕೆಲಸಕ್ಕ ಬೇಕೋ, ಕಭೀ ಕಭೀ?”

“ಯಾವಾಗರೆ ಒಮ್ಮೆ. ಆದ್ರ ಆ ಒಮ್ಮೆ ಭಾಳ ಮಂದಿ ನೋಡೋರಿದ್ದಾರ!”

ಬಂದೇನವಾಜ್ ಎರಡು ಥರದ ಮಾಲು ತಂದಿಟ್ಟ. ಒಂದು ಸುತಳಿಯಲ್ಲಿ ಕಟ್ಟಿದ ಮೂರು ಕರಿ ಪಾನಾ. ಎಣ್ಣೆ ಮೆತ್ತಿದ್ದವು, ಮುಟ್ಟಿದರೆ ಕೈ ತೊಳೆಯಬೇಕು. ಇನ್ನೊಂದು ಪೆಟ್ಟಿಗೆ, ಮುಚ್ಚಳ ತೆಗೆದರೆ ಕೆಂಪು ಮಖಮಲ್ಲಿನ ಮೇಲೆ ಬೆಳ್ಳಿಯಂತೆ ಹೊಳೆಯುವ ಒಂದು ಡಜನ್ ಪಾನಾ, ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ ಮಲಗಿದ್ದವು!

“ಕರೀದು ಗಟ್ಟಿ ಅದ. ಬೆಳ್ಳಂದು ವಿಲಾಯತಿ, ಚಂದ ಅದ. ಆಗೇ ಆಪ್ ಕೀ ಮರ್ಜಿ,” ಎಂದ ಬಂದೇನವಾಜ್.

ನೀಲಗಂಗಮ್ಮ ಹಿಂದಿನಿಂದ ಕೈ ಚಾಚಿ, ಸೊಂಟದ ಕೀಲಿಕೈಯಿಂದ ಕರಿ ಪಾನಾ ಬಾರಿಸಿದಳು. ಠಣ್ ಎಂದಿತು. ಹೊಳೆಯುವುದನ್ನು ಬಾರಿಸಿದಳು. ದಪ್ ಎಂದಿತು.

“ಏನ್ರೀ, ಇದು ಒಡಕು ಗಡಿಗಿ ಸಪ್ಪಳ ಮಾಡ್ತದ.”

“ಏ ಮಾರಾಯ್ತಿ, ಪಾನಾದಾಗ ಸಾರು ಕುದಿಸ್ತೀಯೇನ? ಡಜನ್ ಬಿಟ್ಟು ಮೂರು ಒಯ್ದ್ರ ನಿಮ್ಮ ಅಪ್ಪ ಏನಂದಾರು? ಇದರ ಹೊಳಪು ನೋಡು, ಮುಖಾ ಕಾಣ್ತದ!”

ಮುಖ ಕಾಣುತ್ತಿತ್ತು, ನಿಜ. ದೇವೀಂದ್ರಪ್ಪ ಅದರಲ್ಲಿ ಮೀಸೆಯನ್ನೂ ಸರಿ ಮಾಡಿಕೊಂಡ. ಆಮೇಲೆ ಜೇಬಿನಿಂದ ನಟ್ಟು ತೆಗೆದು ಒಂದೊಂದೇ ಪಾನಾದ ಬಾಯಿಗೆ ಇಟ್ಟು ನೋಡಿದ. ಒಂದರಲ್ಲಿ ನಟ್ಟು ಕಚ್ಚಿ ಕುಳಿತಿತು.

“ನೋಡು! ಕೈಗೆ ಬಳಿ ಕುಂತಂಗ ಕುಂತದ! ಬಂದೇನವಾಜ್, ಇದೇ ಕೊಡು.”

“ಸಾಬ್, ಇದು ನೋಡಾಕ ಇಟ್ಟಿದ್ದು. ಹತ್ತು ಮಂದಿ ಕೈ ತಾಗ್ಯದ. ನಿಮಗ ಒಳಗಿಂದ ಹೊಸಾ ಪೆಟ್ಟಿಗಿ ಕೊಡ್ತೀನಿ.”

ಎಂಥ ಮರ್ಯಾದೆ! ಬಂದೇನವಾಜ್ ಹೊಸ ಪೆಟ್ಟಿಗೆ ತಂದ. ದೇವೀಂದ್ರಪ್ಪ ಅದನ್ನು ತೊಟ್ಟಿಲ ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಮನೆಗೆ ನಡೆದ. ಅಳತೆಯ ನಟ್ಟು ಅಂಗಡಿಯ ಪಾನಾದ ಬಾಯಲ್ಲೇ ಉಳಿಯಿತು. ಆ ಹೊತ್ತಿನಲ್ಲಿ ಅದರ ನೆನಪು ಮೂವರಲ್ಲಿ ಒಬ್ಬರಿಗೂ ಇರಲಿಲ್ಲ.

ಸೋಮವಾರ ಕಮಲಾಪುರದಲ್ಲಿ ಊರಿಗೆ ಊರೇ ಹೊಲದಲ್ಲಿ ನೆರೆದಿತ್ತು. ಕಡಿದ ಕಬ್ಬು ಗುಡ್ಡೆ ಬಿದ್ದಿತ್ತು. ಒಲೆಯ ಮೇಲೆ ಕೊಪ್ಪರಿಗೆ ಕೂತಿತ್ತು. ಮೊದಲ ಕೊಡ ಹಾಲು ದೇವರಿಗೆ, ಆಮೇಲೆ ಊರ ಮಂದಿಗೆ, ಅದರ ನಂತರವೇ ಬೆಲ್ಲ. ಬಿಸಿಲೇರುವುದರೊಳಗೆ ದೇವರ ಕೊಡ ತುಂಬಬೇಕು ಎಂಬುದು ಅತ್ತೆ ಸಾಬಮ್ಮನ ಕಟ್ಟಳೆ. ಅವಳು ಉಪವಾಸವಿದ್ದಳು.

ದೌಲಪ್ಪ ತೊಲೆಯ ಹತ್ತಿರ ಬಗ್ಗಿ ನೋಡಿದ. “ಮಾಪಣ್ಣಾ, ಇಲ್ಲೊಂದು ನಟ್ಟು ಇತ್ತಲ್ಲೋ?”

“ಅದು ನನ್ನ ಹತ್ತಿರ ಅದ ರೀ, ಮಾವನವರ!”

ಎಲ್ಲರೂ ತಿರುಗಿದರು. ಶೇರವಾನಿ, ರೂಮಿ ಟೋಪಿ ತೊಟ್ಟ ಕಲಬುರಗಿಯ ಅಳಿಯ ಮುಂದೆ ಬಂದು ಪೆಟ್ಟಿಗೆಯ ಮುಚ್ಚಳ ತೆರೆದ. ಬೆಳಗಿನ ಬಿಸಿಲು ಡಜನ್ ಪಾನಾಗಳ ಮೇಲೆ ಬಿದ್ದು ಮಂದಿಯ ಕಣ್ಣು ಕೋರೈಸಿತು. ಮುದುಕರು “ಅಬಬಬ!” ಎಂದರು. ದೌಲಪ್ಪ ತಲೆದೂಗಿ, ಮದುವೆಯಾದಂದಿನಿಂದ ಅಳಿಯ ಕಾಯುತ್ತಿದ್ದ ಮಾತು ಆಡಿಯೇಬಿಟ್ಟ.

“ಹಂಗಾರ ಇದನ್ನ ನೀವೇ ಮಾಡ್ರಿ, ಅಳಿಯಂದಿರ.”

ದೇವೀಂದ್ರಪ್ಪನ ಎದೆ ತುಂಬಿ ಬಂತು. ಗಂಭೀರವಾಗಿ ಜೇಬಿಗೆ ಕೈ ಹಾಕಿದ. ಇನ್ನೊಂದು ಜೇಬಿಗೆ ಹಾಕಿದ. ಒಳಜೇಬು ನೋಡಿದ. ಟೋಪಿ ತೆಗೆದು ಅದರೊಳಗೂ ನೋಡಿದ.

“ಏನ್ರೀ,” ನೀಲಗಂಗಮ್ಮ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು, “ಅದು ಅಂಗಡ್ಯಾಗಿನ ಪಾನಾದ ಬಾಯಾಗ ಉಳೀತಲ್ರೀ!”

ಪಾನಾ ಒಂದು ಡಜನ್ ಇದ್ದವು. ಬಿಗಿಯಲು ನಟ್ಟು ಇರಲಿಲ್ಲ.

“ಖರೇ ಹೇಳಿಬಿಡ್ರಿ. ಮಾಪಣ್ಣ ಮಾಮಾ ಹಗ್ಗಾ ಕಟ್ತಾರ.”

“ಹಗ್ಗಾ? ಮಖಮಲ್ಲಿನ ಪೆಟ್ಟಿಗಿ ತಂದು ಹಗ್ಗಾ? ಸುಮ್ಮನಿರು!”

ಅಷ್ಟರಲ್ಲಿ ಅವನ ಕಣ್ಣು ಎರಡನೆಯ ಬೋಲ್ಟಿನ ಮೇಲೆ ಬಿತ್ತು. ಅದಕ್ಕೆ ಒಂದರ ಮೇಲೊಂದು ಎರಡು ನಟ್ಟು! ದೇವೀಂದ್ರಪ್ಪನಿಗೆ ಜೀವ ಬಂದಂತಾಯಿತು. ಅವನ ಕಚೇರಿಯಲ್ಲೂ ಒಂದೇ ಕೆಲಸಕ್ಕೆ ಇಬ್ಬರಿದ್ದರು. ಒಬ್ಬ ರಜೆ ಹಾಕಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಲ್ಲೂ ಹಾಗೆಯೇ ಎಂದು ತೀರ್ಮಾನಿಸಿ, ಮೇಲಿನ ನಟ್ಟಿಗೆ ಪಾನಾ ಹಾಕಿ ಜಗ್ಗಿದ. ನಟ್ಟು ಬಿಚ್ಚಿ ಬಂತು, ಕೆಳಗಿನದೂ ಸಡಿಲಾಯಿತು. ಅದರ ಜೊತೆಗೆ ಪಾನಾದ ಬಾಯಿಯೂ ಹಿಗ್ಗಿ, ಆಕಳಿಸಿದಂತೆ ತೆರೆದುಕೊಂಡಿತು.

ಆ ನಟ್ಟನ್ನು ಖಾಲಿ ಬೋಲ್ಟಿಗೆ ಹಾಕಿ ಬಿಗಿಯಲು ನೋಡಿದರೆ ಪಾನಾ ಗರಗರ ಸುತ್ತುತ್ತದೆ, ನಟ್ಟು ಕದಲುವುದಿಲ್ಲ. ಚಿಕ್ಕ ಪಾನಾ ತೆಗೆದ, ಒಳಗೆ ಹೋಗಲಿಲ್ಲ. ದೊಡ್ಡದು ತೆಗೆದ, ನಟ್ಟನ್ನು ಹಿಡಿಯಲೇ ಇಲ್ಲ. ಕೊನೆಗೆ ಮಂದಿಗೆ ಬೆನ್ನು ತಿರುಗಿಸಿ, ಎರಡೂ ಬೋಲ್ಟಿನ ನಟ್ಟನ್ನು ಬೆರಳಿನಿಂದ ತಿರುವಿ, ಹಣೆಯ ಬೆವರು ಒರೆಸಿಕೊಂಡ.

“ಬಿಗಿ ಆತ್ರೀ, ಮಾವನವರ!”

ಎತ್ತು ಹೂಡಿದರು. ಅದರ ಹಗ್ಗ ದೌಲಪ್ಪನೇ ಹಿಡಿದ. ಮೊದಲ ಸುತ್ತಿಗೆ ಹಾಲು ಇಳಿಯಿತು. ಮಂದಿ ಚಪ್ಪಾಳೆ ತಟ್ಟಿದರು. “ನೋಡಿದ್ಯಾ?” ಎಂದು ದೇವೀಂದ್ರಪ್ಪ ಹೆಂಡತಿಯ ಕಡೆ ಹುಬ್ಬು ಹಾರಿಸಿದ. ಅವಳು ಹುಬ್ಬು ನೋಡುತ್ತಿರಲಿಲ್ಲ, ಬೋಲ್ಟು ನೋಡುತ್ತಿದ್ದಳು.

“ಏನ್ರೀ, ನಟ್ಟು ಉಲ್ಟಾ ತಿರಗಾಕತ್ತದ!”

ಟಣ್! ಒಂದು ನಟ್ಟು ಹಾರಿತು. ಟಣ್! ಎರಡನೆಯದೂ ಅದರ ಹಿಂದೆಯೇ ಹಾರಿತು. ತೊಲೆ ಗಾಣದ ನೆತ್ತಿಯಿಂದ ಜಾರಿ ಧೊಪ್ಪನೆ ನೆಲಕ್ಕೆ ಬಿದ್ದು, ಬೀಳುವಾಗಲೇ ದೇವರ ಕೊಡವನ್ನೂ ಉರುಳಿಸಿತು. ಇಷ್ಟು ಹೊತ್ತು ಭಾರ ಎಳೆಯುತ್ತಿದ್ದ ಎತ್ತಿಗೆ ಮೈ ಒಮ್ಮೆಲೇ ಹಗುರಾಗಿ, ಹಿಂದೆ ಆದ ಸದ್ದಿಗೆ ಬೆದರಿ, ಬಾಳೆ ತೋಟದ ಕಡೆ ಓಟ ಕಿತ್ತಿತು. ಎತ್ತಿನ ಹಿಂದೆ ತೊಲೆ, ತೊಲೆಯ ಹಿಂದೆ ಧೂಳು, ಧೂಳಿನೊಳಗೆ ಹಗ್ಗ ಬಿಡದೆ ಓಡುತ್ತಿದ್ದ ದೌಲಪ್ಪ! ಅವನ ರುಮಾಲು ಒಂದು ಬಾಳೆಗಿಡಕ್ಕೆ ಸಿಕ್ಕಿ ಅಲ್ಲೇ ಉಳಿಯಿತು.

ಮಾಪಣ್ಣ ಹೋಗಿ ಎತ್ತನ್ನೂ ಮಾವನನ್ನೂ ಹಿಡಿದುಕೊಂಡು ಬಂದ. ಈಗ ಬೈಗುಳ ಬೀಳುತ್ತದೆ ಎಂದು ದೇವೀಂದ್ರಪ್ಪ ತಲೆ ತಗ್ಗಿಸಿ ನಿಂತ. ಬೀಳಲಿಲ್ಲ. ಅಳಿಯನಿಗೆ ಬೈಯುವುದುಂಟೇ?

“ತಪ್ಪು ಎತ್ತಿಂದು,” ಎಂದ ದೌಲಪ್ಪ, ಏದುಸಿರು ಬಿಡುತ್ತ.

“ಗಾಣಾ ಹೊಸದಲ್ರೀ,” ಎಂದರೊಬ್ಬರು.

“ಇವತ್ತು ಗಾಳಿನೂ ಭಾಳ ಅದ,” ಎಂದರು ಇನ್ನೊಬ್ಬರು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಆ ಮರ್ಯಾದೆ ತಡೆಯುವುದು ದೇವೀಂದ್ರಪ್ಪನಿಂದಾಗಲಿಲ್ಲ. ಯಾರಾದರೂ ಒಬ್ಬರು ಬೈದಿದ್ದರೆ ಹೊಟ್ಟೆ ತಣ್ಣಗಾಗುತ್ತಿತ್ತು.

“ಎತ್ತಿಂದಲ್ಲ, ನಂದ್ರೀ ತಪ್ಪು! ನಟ್ಟು ನಾನೇ ಬಿಚ್ಚಿ ಒಯ್ದು ಕಲಬುರಗಿ ಅಂಗಡ್ಯಾಗ ಮರೆತು ಬಂದೀನಿ. ಇನ್ನೊಂದು ಬೋಲ್ಟಿನ ನಟ್ಟೂ ನಾನೇ ಬಿಚ್ಚಿದೆ.”

ದೌಲಪ್ಪ ಮೈಮೇಲಿನ ಧೂಳು ಕೊಡವಿಕೊಂಡು, “ಇರಲಿ ಬಿಡ್ರಿ. ಕಲಬುರಗಿ ದೊಡ್ಡ ಊರು, ಅಲ್ಲಿ ಬೇಕಾಗಿತ್ತೇನೋ,” ಎಂದ.

ನೀಲಗಂಗಮ್ಮ ಮಾತ್ರ ಗಂಡನ ಮಾನ ಕಾಯಲು ಹೋಗಲಿಲ್ಲ. “ಅಪ್ಪ ಬೈಯಂಗಿಲ್ಲ, ನಾ ಬೈತೀನಿ. ಅವ್ವ ಮುಂಜಾನಿಂದ ಉಪಾಸ ಕುಂತಾಳ. ಈಗ ದೇವರಿಗೆ ಏನು ಕುಡಸ್ತೀರಿ, ನಿಮ್ಮ ಮಖಮಲ್ಲಾ?”

ಅದು ನೇರ ಎದೆಗೆ ತಾಗಿತು. ಮಾಪಣ್ಣ ಆಗಲೇ ತೊಲೆಯನ್ನು ಗಾಣದ ನೆತ್ತಿಗೆ ಏರಿಸಿ, ಪುಂಡಿ ನಾರಿನ ಹಗ್ಗದಿಂದ ಬಿಗಿದಿದ್ದ. ಆದರೆ ಎತ್ತು ಗಾಣದ ಹತ್ತಿರ ಬರಲು ಸುತರಾಂ ಒಪ್ಪಲಿಲ್ಲ. ನಾಲ್ಕೂ ಕಾಲು ಊರಿ, ತೊಲೆ ಕಂಡರೆ ಕಣ್ಣು ತಿರುಗಿಸುತ್ತಿತ್ತು. ಬಿಸಿಲು ಏರುತ್ತಿತ್ತು. ದೇವರ ಕೊಡ ಬರಿದಾಗಿ ಬಿದ್ದಿತ್ತು.

ದೇವೀಂದ್ರಪ್ಪ ಟೋಪಿ ತೆಗೆದು ಹೆಂಡತಿಯ ಕೈಗಿತ್ತ. ಶೇರವಾನಿ ಬಿಚ್ಚಿ ಅದನ್ನೂ ಕೊಟ್ಟ. ತೊಲೆಯ ತುದಿಗೆ ಹೋಗಿ ಎದೆ ಕೊಟ್ಟು ನಿಂತ.

“ಅಳಿಯಂದಿರ, ಬ್ಯಾಡ್ರೀ! ಮಂದಿ ಏನಂದಾರು?” ದೌಲಪ್ಪ ಓಡಿ ಬಂದ.

“ಏನರೆ ಅನ್ಲಿ. ಮಾಪಣ್ಣಾ, ಕಬ್ಬು ಇಡು!”

ತೊಲೆ ನೂಕಿದ. ಗಾಣ ಗೊಣಗಿತು, ಆಮೇಲೆ ತಿರುಗಿತು. ಮಾಪಣ್ಣ ಉರುಳೆಗಳ ನಡುವೆ ಕಬ್ಬು ಇಟ್ಟ, ಹಾಲು ಇಳಿಯಿತು. ಅರ್ಜಿ ಬರೆಯುವ ಕೈಯಲ್ಲಿ ಬೊಬ್ಬೆ ಎದ್ದವು, ಧೋತರ ಮಣ್ಣಾಯಿತು, ಉಸಿರು ಬಾಯಿಗೆ ಬಂತು. ನಿಲ್ಲಲಿಲ್ಲ. ಮಂದಿ ಮೊದಲು ನಕ್ಕರು, ಆಮೇಲೆ ನಗು ಬಿಟ್ಟು “ಹೌದ್ ಹೌದ್!” ಎಂದು ಹುರುಪು ತುಂಬಿದರು. ದೇವರ ಕೊಡ ತುಂಬಿತು. ಸಾಬಮ್ಮ ಅದನ್ನು ಹೊತ್ತು ಗುಡಿಗೆ ನಡೆದಳು. ಊರ ಮಂದಿಗೂ ಆಗುವಷ್ಟು ಹಾಲು ಇಳಿದ ಮೇಲೆಯೇ ದೇವೀಂದ್ರಪ್ಪ ತೊಲೆ ಬಿಟ್ಟು ನೆಲಕ್ಕೆ ಕುಸಿದ.

ದೌಲಪ್ಪ ಬಂದು ಪಕ್ಕದಲ್ಲಿ ಕುಳಿತ. ತನ್ನ ಹೆಗಲ ಮೇಲಿನ ವಸ್ತ್ರದಿಂದ ಅಳಿಯನ ಬೆನ್ನಿನ ಬೆವರು ಒರೆಸಿದ. ಮುದುಕನ ಕಣ್ಣಲ್ಲಿ ನಿಜವಾಗಿ ನೀರು ಬಂದಿತ್ತು. ಅಭಿಮಾನದಿಂದ ಎದ್ದು ನಿಂತು, ಊರಿಗೆಲ್ಲ ಕೇಳುವಂತೆ, ಮನಸಾರೆ ಹೇಳಿದ:

“ನೀವು ಇಷ್ಟು ಚಲೋ ತಿರಗ್ತೀರಂತ ಮೊದಲೇ ಗೊತ್ತಿದ್ರ, ಆ ಎತ್ತು ಕೊಳ್ತಿರಲಿಲ್ರೀ, ಅಳಿಯಂದಿರ!”