ಗ್ರಾಫ್ ಕ್ಯಾಲ್ಕುಲೇಟರಿಗೆ ಆಯುಧ ಪೂಜೆ

ಕಲ್ಲು ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಕಾರ್ಕಳದಲ್ಲಿ ಕಡಿಮೆ. ಸುತ್ತಿಗೆಯಿಂದ ಒಮ್ಮೆ ತಟ್ಟಿದರೆ ಸಾಕು, ಒಳಗೆ ಬಿರುಕು ಉಂಟೋ ಇಲ್ಲವೋ ಎಂದು ಕಿವಿಯೇ ಹೇಳುತ್ತದೆ. ಆರನೆಯ ಕ್ಲಾಸಿಗೆ ಶಾಲೆ ಬಿಟ್ಟು, ಕೋರೆಯಲ್ಲಿ ಬಂಡೆ ಒಡೆದು, ಬಜಗೋಳಿ ರಸ್ತೆಯಲ್ಲಿ ಸ್ವಂತ ಗ್ರಾನೈಟ್ ಶೆಡ್ ಹಾಕಿದವನು ನಾನು. ಇಂಥವನಿಗೆ ಒಂದು ಕ್ಯಾಲ್ಕುಲೇಟರ್ ಆರಿಸುವುದು ಯಾವ ಮಹಾ ಕೆಲಸ?

ಮಗಳು ಅಶ್ವಿನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಅದಕ್ಕೂ ಮೊದಲು ನಮ್ಮ ಕುಟುಂಬದವರು ಕಾಲೇಜಿಗೆ ಮೆಟ್ಟಿಲು ಹಾಕಿದ್ದುಂಟು, ಹತ್ತಿದ್ದಿಲ್ಲ. ಸಾಧಾರಣ ಸೈಂಟಿಫಿಕ್ ಕ್ಯಾಲ್ಕುಲೇಟರ್ ಸಾಕು, ಕ್ಲಾಸಿನಲ್ಲಿ ಎಲ್ಲರಿಗೂ ಅದನ್ನೇ ಹೇಳಿದ್ದಾರೆ ಎಂದಳು. ‘ಸಾಧಾರಣ’ ಮತ್ತು ‘ಎಲ್ಲರಿಗೂ’ ಎಂಬ ಎರಡೂ ಮಾತು ನನಗೆ ಹಿಡಿಸಲಿಲ್ಲ. ಮರುದಿನವೇ ಉಡುಪಿಯ ಬಸ್ಸು ಹತ್ತಿದೆ.

ಅಂಗಡಿಯವನು ಮೂರು ನಮೂನೆ ಮುಂದಿಟ್ಟ. ನಾನು ನಮ್ಮ ವೃತ್ತಿಯ ಸರ್ವಮಾನ್ಯ ವಿಧಾನದಂತೆ ಒಂದೊಂದನ್ನೂ ಅಂಗೈಯಲ್ಲಿ ತೂಗಿ, ಉಗುರಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದೆ. ಅತಿ ಭಾರದ್ದು ಗ್ರಾಫ್ ಬರೆಯುವ ಕ್ಯಾಲ್ಕುಲೇಟರ್. ಅವನು ಏನೋ ಒತ್ತಿದ. ತೆರೆಯ ಮೇಲೆ ಕುದುರೆಮುಖದ ಘಾಟಿಯ ಹಾಗೆ ಒಂದು ಗೆರೆ ಏರಿ ಇಳಿಯಿತು. ನಾನು ಎಲ್ಲ ಅರ್ಥವಾದವನಂತೆ ತಲೆ ಆಡಿಸಿದೆ.

“ಕೆಲವು ಕಡೆ ಪರೀಕ್ಷೆಗೆ ಇದನ್ನು ಬಿಡುವುದಿಲ್ಲ,” ಎಂದ ಅವನು. “ಕಾಲೇಜಿನಲ್ಲಿ ಒಮ್ಮೆ ಕೇಳಿ ಬನ್ನಿ ಮಾರಾಯ್ರೆ.”

ಕೇಳಿದರೆ ನನಗೆ ಗೊತ್ತಿಲ್ಲ ಎಂದು ಕಾಲೇಜಿಗೇ ಗೊತ್ತಾಗುತ್ತದೆ. “ಒಳ್ಳೆಯ ಸಾಮಾನು ಬೇಡ ಎನ್ನುವ ಕಾಲೇಜು ಎಲ್ಲಿಯಾದರೂ ಉಂಟಾ?” ಎಂದು ಗಂಭೀರವಾಗಿ ಹೇಳಿ ಕಟ್ಟಿಸಿಕೊಂಡು ಬಂದೆ.

ಹೆಂಡತಿ ಶಾರದೆ ಮಲ್ಲಿಗೆಯ ಊರಾದ ಶಂಕರಪುರದವಳು. ಕೈಯಲ್ಲಿ ಮಲ್ಲಿಗೆ, ಬಾಯಲ್ಲಿ ಮುಳ್ಳು. ಹೂ ಕಟ್ಟುತ್ತಲೇ ಕೇಳಿದಳು: “ಮಗಳನ್ನು ಒಂದು ಮಾತು ಕೇಳಿದಿರಾ?”

“ಕಲ್ಲು ಆರಿಸುವಾಗ ಕಲ್ಲನ್ನು ಕೇಳುತ್ತಾರಾ?” ಎಂದೆ.

ಅವಳು ಸುಮ್ಮನಾದಳು. ಆ ಮೌನವನ್ನು ಒಮ್ಮೆ ತಟ್ಟಿ ನೋಡಬೇಕಿತ್ತು.

ಮೊದಲ ಪರೀಕ್ಷೆಗೆ ಒಂದು ವಾರ ಇರುವಾಗ ಆಯುಧ ಪೂಜೆ ಬಂತು. ಶೆಡ್ಡಿನಲ್ಲಿ ಉಳಿ, ಸುತ್ತಿಗೆ, ಕಟ್ಟಿಂಗ್ ಮಷೀನು, ಎಲ್ಲದರ ನಡುವೆ ಮಗಳ ಆಯುಧವನ್ನೂ ಮಣೆಯ ಮೇಲೆ ಕೂರಿಸಿದೆ. ಬೇಡವೆಂದು ಅವಳು ಗೊಣಗಿದಳು. ವಿದ್ಯೆಗೆ ಭಕ್ತಿ ಬೇಕು ಎಂದು ಉಪದೇಶಿಸಿ, ಗಂಧವನ್ನು ಧಾರಾಳವಾಗಿ ಹಚ್ಚಿ, ಕುಂಕುಮ ಇಟ್ಟು, ತೆಂಗಿನಕಾಯಿ ಒಡೆದೆ. ಕಾಯಿಯ ನೀರು ನೇರವಾಗಿ ಅದರ ಮೇಲೆಯೇ ಬಿತ್ತು. ಶುಭಸೂಚನೆ ಎಂದುಕೊಂಡೆ!

ಮರುದಿನ ಗಂಧ ಒಣಗಿ ಗುಂಡಿಗಳು ಅಲುಗಾಡುತ್ತಿರಲಿಲ್ಲ. ನಮ್ಮಲ್ಲಿ ಕಲ್ಲಿನ ಹುಡಿ ಹಾರಿಸಲು ಕಂಪ್ರೆಸರ್ ಉಂಟು. ಬಂಡೆಯ ತೂತಿನಿಂದ ಹುಡಿ ಹಾರಿಸುವ ಗಾಳಿಗೆ ಗಂಧ ಯಾವ ಲೆಕ್ಕ? ಪೈಪು ಹಿಡಿದು ನಿಂತೆ. ಬಾಗಲಕೋಟೆ ಕಡೆಯ ಬಸಪ್ಪ ನನ್ನಲ್ಲಿ ಹತ್ತು ವರ್ಷದಿಂದ ಕಲ್ಲು ಕೊಯ್ಯುವವನು. ಅವನು ಕೆಲಸ ನಿಲ್ಲಿಸಿ ಬಂದ.

“ಸಾವ್ಕಾರ್ರ, ಅದು ಸಣ್ಣ ಸಾಮಾನ ಐತ್ರಿ. ಗಾಳಿ ಬ್ಯಾಡ್ರಿ.”

ಆದರೂ ಗಾಳಿ ಕೊಟ್ಟೆ. ಗಂಧ ಹೋಯಿತು. ಜೊತೆಗೆ ಎರಡು ಗುಂಡಿಗಳೂ ಹೋದವು.

ಇಬ್ಬರೂ ಮಂಡಿಯೂರಿ ಕಲ್ಲಿನ ಕೆಸರನ್ನೆಲ್ಲ ಕೆದಕಿ ಅವುಗಳನ್ನು ಹುಡುಕಿ ತೆಗೆದೆವು. ಒಂದು ಆರು, ಇನ್ನೊಂದು ಒಂಬತ್ತು. ಗ್ರಾನೈಟ್ ಜೋಡಿಸುವ ಅಂಟನ್ನು ಕಡ್ಡಿಯ ತುದಿಯಲ್ಲಿ ತೆಗೆದು ನಾನೇ ಅಂಟಿಸಿದೆ. ಸ್ವಂತ ಕೆಲಸಕ್ಕೆ ಸ್ವಂತ ಸರ್ಟಿಫಿಕೇಟನ್ನೂ ಕೊಟ್ಟುಕೊಂಡೆ.

ಪರೀಕ್ಷೆಯ ದಿನ, ಆಯುಧಕ್ಕೆ ರಕ್ಷಣೆ ಇರಲೆಂದು ಮಗಳ ಜೊತೆ ನಾನೂ ಹೋದೆ. ಕೋಣೆಯ ಬಾಗಿಲಲ್ಲಿ ಮೇಷ್ಟ್ರು ಅದನ್ನು ತಿರುಗಿಸಿ ನೋಡಿ, ಇದು ನಡೆಯುವುದಿಲ್ಲ ಎಂದರು. ಇಡೀ ಅಂಗಡಿಯಲ್ಲಿ ಇದಕ್ಕಿಂತ ಒಳ್ಳೆಯದು ಇರಲಿಲ್ಲ ಎಂದು ಮುಂದೆ ನುಗ್ಗಿ ವಾದಿಸಿದೆ.

“ಅದೇ ತೊಂದರೆ,” ಎಂದರು ಅವರು. “ಇದು ಗ್ರಾಫ್ ಬರೆಯುತ್ತದೆ. ಬರೆಯಬೇಕಾದವಳು ನಿಮ್ಮ ಮಗಳು ಅಲ್ವಾ?”

ಇಷ್ಟು ದಿನ ನಾನು ಕೊಚ್ಚಿಕೊಂಡ ಜಂಭದಿಂದ ಮಗಳ ಪರೀಕ್ಷೆ ಮುಳುಗಿತು ಎಂದು ಗೋಡೆ ಹಿಡಿದು ನಿಂತೆ. ಅಶ್ವಿನಿ ಮಾತ್ರ ನಿಧಾನವಾಗಿ ಚೀಲದಿಂದ ಒಂದು ಸಣ್ಣ, ಹಗುರವಾದ, ತೀರಾ ಸಾಧಾರಣ ಕ್ಯಾಲ್ಕುಲೇಟರ್ ತೆಗೆದಳು.

“ಅಮ್ಮ ಮೊದಲ ವಾರವೇ ಕೊಡಿಸಿದ್ದು. ನಿಮಗೆ ಬೇಸರ ಆಗುತ್ತದೆಂದು ಹೇಳಲಿಲ್ಲ ಅಪ್ಪ,” ಎಂದು ಒಳಗೆ ಹೋದಳು.

ಮನೆಗೆ ಮರಳುವ ಬಸ್ಸಿನಲ್ಲಿ ಮಡಿಲಲ್ಲಿ ಆ ಭಾರ ಇಟ್ಟುಕೊಂಡು ಕೂತೆ. ಮೇಷ್ಟ್ರ ಮೇಲೆ ಇನ್ನೂ ಸಿಟ್ಟು ಆರಿರಲಿಲ್ಲ. ನನ್ನ ಸಾಮಾನಿನ ಯೋಗ್ಯತೆಯನ್ನು ನನಗಾದರೂ ತೋರಿಸೋಣವೆಂದು ಆರನ್ನು ಆರರಿಂದ ಗುಣಿಸಿದೆ. ಎಂಬತ್ತೊಂದು ಬಂತು. ಪುನಃ ಒತ್ತಿದೆ. ಎಂಬತ್ತೊಂದೇ. ಆರಾರಲಿ ಮೂವತ್ತಾರು, ಅಷ್ಟು ಕಲಿತ ಮೇಲೆಯೇ ನಾನು ಶಾಲೆ ಬಿಟ್ಟದ್ದು. ಆರಿನ ಜಾಗದಲ್ಲಿ ಒಂಬತ್ತು, ಒಂಬತ್ತಿನ ಜಾಗದಲ್ಲಿ ಆರು, ಎರಡನ್ನೂ ಬಂಡೆಗೆ ಹಾಕುವ ಅಂಟಿನಿಂದ ಶಾಶ್ವತವಾಗಿ ಕೂರಿಸಿದ್ದೆ. ಮೇಷ್ಟ್ರು ತಡೆದದ್ದಕ್ಕೆ ಮಗಳು ಬಚಾವ್ ಎಂದು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದೆ.

ಮನೆಯಲ್ಲಿ ಇದನ್ನು ಬಾಯಿಬಿಟ್ಟಾಗ ಶಾರದೆ ಹೂವಿನಿಂದ ಕಣ್ಣು ಎತ್ತಲೂ ಇಲ್ಲ. “ಅವಳಿಗೆ ನೀವು ಅಂಟಿಸಿದ ದಿನವೇ ಗೊತ್ತಾಗಿದೆ,” ಎಂದಳು.

ಈಗ ಅದು ಶೆಡ್ಡಿನ ಮೇಜಿನ ಮೇಲೆ ಉಂಟು. ಕಂಪ್ರೆಸರ್ ಹಾಕಿದಾಗ ಬಿಲ್ಲಿನ ಕಾಗದಗಳು ಹಾರದಂತೆ ಗಟ್ಟಿಯಾಗಿ ಒತ್ತಿ ಹಿಡಿಯುತ್ತದೆ. ಆರಿಸುವಾಗ ನಾನು ತೂಕ ನೋಡಿದ್ದೆನಲ್ಲ, ಅದರಲ್ಲಿ ಮಾತ್ರ ತಪ್ಪಲಿಲ್ಲ.