ನಲ್ಲಪ್ಪನ ಸುತ್ತ ಬಾಗಿದ ದಾರಿ

ಪೀಣ್ಯದ ಕಾರ್ಖಾನೆಯ ಬಸ್ಸು ಪ್ರತಿದಿನ ಬೆಳಿಗ್ಗೆ ದಾಸರಹಳ್ಳಿಯಲ್ಲಿ ತುಮಕೂರು ರಸ್ತೆ ಬಿಟ್ಟು ಒಳಕ್ಕೆ ತಿರುಗುತ್ತಿತ್ತು. ಪಟ್ಟಾಭಿರಾಮನನ್ನು ಅವನ ಮನೆ ಬಾಗಿಲಲ್ಲೇ ಹತ್ತಿಸಿಕೊಂಡು, ಇನ್ನೂ ಮುಂದೆ ಹೋಗಿ ಯೂನಿಯನ್ ಲೀಡರ್ ನಲ್ಲಪ್ಪನ ತೋಟದ ಮನೆಯೆದುರು ನಿಲ್ಲುತ್ತಿತ್ತು. ನಲ್ಲಪ್ಪ ಕ್ವಿಂಟಲ್ ತೂಕದ ಆಳು. ಅವನು ಮುದ್ದೆ ಮುಗಿಸಿ, ಎಮ್ಮೆಗೆ ಹುಲ್ಲು ಹಾಕಿ, ಉಸ್ಸೆಂದು ಹತ್ತುವವರೆಗೆ ಡ್ರೈವರ್ ಮುನಿಯಣ್ಣ ಹಾರ್ನನ್ನೂ ಮುಟ್ಟುತ್ತಿರಲಿಲ್ಲ. ಈ ಸುತ್ತಿನ ದೆಸೆಯಿಂದ ಪಟ್ಟಾಭಿ ನಸುಕಿನಲ್ಲೇ ಏಳಬೇಕಿತ್ತು. ನಿದ್ದೆಯೆಂದರೆ ಅವನಿಗೆ ಪ್ರಾಣ.

"ಲೀಡರ್‌ಗೆ ಹೇಳೋ ಧೈರ್ಯ ಒಬ್ಬರಿಗೂ ಇಲ್ವಾ?" ಎಂದು ಆ ದಿನವೂ ಗೊಣಗಿದ.

"ನೀವೇ ಹೇಳಿ ಗುರುಗಳೇ. ಇವತ್ತು ಮೈಕು ನಿಮ್ಮ ಕೈಲೇ ಇರುತ್ತಲ್ಲ!" ಎಂದ ಪಕ್ಕದ ಸೀಟಿನ ಫಿಟ್ಟರ್ ಸೀನ.

ಅಂದು ಐನ್‌ಸ್ಟೈನರ ನೂರನೇ ಹುಟ್ಟುಹಬ್ಬ. ಬಿ.ಎಸ್ಸಿ. ಓದಿದವನೆಂದು ಕಾರ್ಖಾನೆಯ ಕನ್ನಡ ಸಂಘದವರು ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಪಟ್ಟಾಭಿಯ ಭಾಷಣ ಇಟ್ಟಿದ್ದರು. ಅವನು ಹೆಂಡತಿ ಪಂಕಜಾಳ ಹೊಸ ಬೆಡ್‌ಶೀಟನ್ನು ಊಟದ ಮೇಜಿನ ಮೇಲೆ ನಾಲ್ವರ ಕೈಲಿ ಬಿಗಿಯಾಗಿ ಹಿಡಿಸಿ, ನಡುವೆ ಕಬ್ಬಿಣದ ಗುಂಡು ಇಟ್ಟ.

"ಇದು ಸೂರ್ಯ. ಇದರ ಭಾರಕ್ಕೆ ಗ್ರಹಗಳು ಓಡಾಡೋ ಆಕಾಶವೇ ಬಾಗುತ್ತೆ, ನೋಡಿ!"

ಗುಂಡು ಬೆಡ್‌ಶೀಟು ಹರಿದುಕೊಂಡು ಅಕೌಂಟ್ಸಿನ ವಸಂತಮ್ಮನವರ ಸಾರಿನ ಬಟ್ಟಲಿಗೆ ಬಿತ್ತು.

"ಸೂರ್ಯ ಮುಳುಗಿದ!" ಎಂದು ಕೂಗಿದ ಸೀನ.

"ಬಾಗೋದಿರ್ಲಿ, ನನ್ನ ಸೀರೆ ನೋಡ್ರೀ! ಇದನ್ನ ಬಾಯಲ್ಲಿ ಹೇಳೋಕಾಗಲ್ವೇನ್ರೀ?" ಎಂದರು ವಸಂತಮ್ಮ.

ಪಟ್ಟಾಭಿಗೆ ರೋಷ ಬಂತು. "ಸರಿ, ನಮ್ಮ ಬಸ್ಸನ್ನೇ ತಗೊಳ್ಳಿ. ಅದನ್ನ ಯಾರೂ ಎಳೀತಿಲ್ಲ. ತನ್ನ ಪಾಡಿಗೆ ನೆಟ್ಟಗೆ ಹೋಗ್ತಿರುತ್ತೆ. ಆದ್ರೆ ನಲ್ಲಪ್ಪನವರಂಥ ಭಾರದ ವ್ಯಕ್ತಿ ಒಂದು ಕಡೆ ಕೂತರೆ ಸುತ್ತಲಿನ ದಾರಿಯೇ ಬಾಗುತ್ತೆ. ಮಜಾ ಅಂದ್ರೆ, ಬಾಗಿದ ಜಾಗದೊಳಗೆ ಇರೋನಿಗೆ ಅದು ಗೊತ್ತೇ ಆಗಲ್ಲ!"

ಕ್ಯಾಂಟೀನು ತಟ್ಟೆ ಬಡಿದು ನಕ್ಕಿತು. ಜನರಲ್ ಮ್ಯಾನೇಜರು ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. ಅಷ್ಟರಲ್ಲಿ ನಲ್ಲಪ್ಪ ಎದ್ದ.

"ಸಾರ್ ಯೋಳಿದ್ದು ಸರ್ಯಾಗೈತೆ. ನನ್ನೊಬ್ಬನಿಗೋಸ್ಕರ ಬಸ್ಸು ಸುತ್ತೋದು ಬ್ಯಾಡ. ನಾಳಿಂದ ನಾನು ಮೋಟಾರ್‌ಸೈಕಲ್ಲಾಗೆ ಬತ್ತೀನಿ. ಬಸ್ಸು ನೆಟ್ಟಗೆ ಓಗ್ಲಿ."

ಮ್ಯಾನೇಜರು ಅಲ್ಲೇ ಒಪ್ಪಿಗೆ ಕೊಟ್ಟರು. ಪಟ್ಟಾಭಿಯ ಎದೆ ಗಾಳಿ ತುಂಬಿದ ಟೈರಿನಂತಾಯಿತು.

ಸಂಜೆ ಅವನು ಮನೆಯೆದುರು ಇಳಿಯುವಾಗ ಮುನಿಯಣ್ಣ, "ನಾಳೆಯಿಂದ ಮೇನ್ ರೋಡಿಗೇ ಬಂದ್ಬಿಡಿ ಸಾರ್" ಎಂದ.

"ಯಾಕೆ, ಇಲ್ಲಿಗೆ ಬರಲ್ವಾ?"

"ಬಸ್ಸು ಒಳಕ್ಕೆ ತಿರುಗ್ತಿದ್ದುದೇ ಲೀಡರ್‌ಗೋಸ್ಕರ ಸಾರ್. ನಿಮ್ಮನೆ ದಾರೀಲಿ ಸಿಕ್ತಿತ್ತು, ಅಷ್ಟೆ."

ತನ್ನ ಮನೆವರೆಗಿನದು ನೆಟ್ಟನೆ ದಾರಿ, ಅಲ್ಲಿಂದಾಚೆಯದು ಮಾತ್ರ ಸುತ್ತು ಎಂದು ಪಟ್ಟಾಭಿ ಇಷ್ಟು ದಿನ ತಿಳಿದಿದ್ದ. ಮೇನ್ ರೋಡಿಗೆ ಅರ್ಧ ಗಂಟೆಯ ನಡಿಗೆ.

"ಬಾಗಿಲಿಗೆ ಬಸ್ಸು ಬರುತ್ತೆ ಅಂತ ತಾನೇ ಈ ಮನೆ ಹಿಡಿದದ್ದು?" ಎಂದಳು ಹೊಸಿಲಲ್ಲಿ ನಿಂತಿದ್ದ ಪಂಕಜಾ. "ಅದಿರ್ಲಿ, ನನ್ನ ಬೆಡ್‌ಶೀಟ್ ಎಲ್ರೀ?"

ನಲ್ಲಪ್ಪ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿದ. "ನಡೀಬ್ಯಾಡಿ ಸಾರ್, ನನ್ ಗಾಡೀಲೇ ಬಂದ್ಬುಡಿ. ಮೊದ್ಲು ಡೈರಿಗೆ ಆಲು ಆಕ್ಬೇಕು. ಕೋಳಿ ಕೂಗೋ ಒತ್ತಿಗೆ ರೆಡಿಯಾಗಿರಿ."

ಮರುದಿನ ಕತ್ತಲಿರುವಾಗಲೇ ಪಟ್ಟಾಭಿ ಹಾಲಿನ ಕ್ಯಾನು ತಬ್ಬಿಕೊಂಡು, ಮೋಟಾರ್‌ಸೈಕಲ್ಲಿನ ಹಿಂದಿನ ತುದಿಯಲ್ಲಿ ನೆಟ್ಟಗೆ ಕೂತ. ನಲ್ಲಪ್ಪ ಮುಂದೆ ಕೂತೊಡನೆ ಸೀಟು ಬಾಗಿತು. ಪಟ್ಟಾಭಿ ಕ್ಯಾನಿನ ಸಮೇತ ಮೆಲ್ಲಗೆ ನಲ್ಲಪ್ಪನ ಬೆನ್ನಿಗೆ ಜಾರಿದ.